ಟವೆಲ್ ಹಾಕಿದ ಸೀಟು

೨೪ ಫೆಬ್ರುವರಿ ೨೦೦೨, ಭಾನುವಾರ

ಮದುವೆಯಾಗಿ ಇವತ್ತಿಗೆ ಒಂದು ವಾರ. ಬೆಳಿಗ್ಗೆಯಿಂದ ಇದನ್ನೇ ಹೇಳಿ ಹೇಳಿ ಕಿರಣ್ ಕಿವಿ ತೂತು ಮಾಡಿದ್ದೇನೆ. ಅವನೀಗ ಊಟ ಮುಗಿಸಿ ಪಕ್ಕದಲ್ಲೇ ನಿದ್ದೆ ಹೊಡೆಯುತ್ತಿದ್ದಾನೆ. ನಿದ್ದೆಯಲ್ಲೂ ಹುಬ್ಬು ಗಂಟಿಕ್ಕಿದೆ, ಶಿವರಾಂಪೇಟೆಯ ಅಂಗಡಿಯಲ್ಲಿ ಯಾರಿಗೋ ಕುಕ್ಕರಿನ ಗ್ಯಾರಂಟಿ ವಿವರಿಸುತ್ತಿರುವ ಹಾಗೆ. ಪಾತ್ರೆ ಅಂಗಡಿಯವನನ್ನು ಮದುವೆಯಾಗುತ್ತೇನೆಂದು ಕಾನ್ವೆಂಟಿನ ಗೆಳತಿಯರಿಗೆ ಹೇಳಿದಾಗ ಅವರೆಲ್ಲ ನಕ್ಕಿದ್ದರು. ಅವರು ಈ ಹುಬ್ಬು ನೋಡಿಲ್ಲ. ರೂಮಿನಲ್ಲಿ ನಾನು ಇವನನ್ನು ಹೆಸರು ಹಿಡಿದು ಕರೆಯುತ್ತೇನೆ, ಹೊಸಿಲು ದಾಟಿದ ಕೂಡಲೇ 'ರೀ' ಅನ್ನುತ್ತೇನೆ. ಎರಡೂ ನನಗೆ ಇಷ್ಟ.

ಡೈರಿಯನ್ನು ಕನ್ನಡದಲ್ಲೇ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಸ್ಕೂಲಿನ ಸಿಸ್ಟರ್ ಕೆಂಪು ಪೆನ್ನು ಹಿಡಿದು ಹಿಂದೆ ನಿಂತ ಹಾಗಾಗುತ್ತದೆ. ಒಳ್ಳೆಯ ಹುಡುಗಿಯ ಹಾಗೆ ಬರೆಯತೊಡಗುತ್ತೇನೆ.

ಅತ್ತೆಯ ಬಗ್ಗೆ ಒಂದು ಮಾತು. ಹೆಣ್ಣು ನೋಡಲು ಬಂದ ದಿನವೇ ಅವರು ನನ್ನ ಅಮ್ಮನ ಮುಂದೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ನಂಗೆ ಎದೆ ಕ್ಯಾನ್ಸರ್ ಆಗಿತ್ತು, ಎಡಗಡೇದು ತೆಗ್ದವ್ರೆ. ಆಮೇಲೆ ಬೀದಿಯವರಿಂದ ಗೊತ್ತಾಗೋದು ಬೇಡ, ಈಗ್ಲೇ ಹೇಳ್ಬುಡ್ತೀನಿ" ಅಂದಿದ್ದರು. ಅಮ್ಮನಿಗೆ ಉಪ್ಪಿಟ್ಟು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಮದುವೆಯ ಹಿಂದಿನ ದಿನ ಛತ್ರದಲ್ಲಿ ನಮ್ಮ ಚಿಕ್ಕಮ್ಮ ಒಳ್ಳೆಯ ಮನಸ್ಸಿನಿಂದಲೇ ಹತ್ತಿ ತುಂಬಿದ ಬಟ್ಟೆಯ ಉಂಡೆಯೊಂದನ್ನು ತಂದು, ರವಿಕೆಯೊಳಗೆ ಇಟ್ಟುಕೊಂಡರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆಂದು ಅತ್ತೆಗೆ ಕೊಟ್ಟರು. ಅತ್ತೆ ಅದನ್ನು ನಿಂಬೆಹಣ್ಣಿನ ಹಾಗೆ ಹಿಸುಕಿ ನೋಡಿ ವಾಪಸ್ಸು ಕೊಟ್ಟರು. "ಇದು ಲಿಂಗ ಕೂರೋ ಜಾಗ ಕಣಮ್ಮ. ಹತ್ತಿ ತುಂಬಕ್ಕೆ ಹಾಸಿಗೆ ಅಲ್ಲ."

ಆಲ್ಬಮ್ಮು ನಿನ್ನೆ ಬಂತು. ಎಲ್ಲ ಫೋಟೋದಲ್ಲೂ ಅತ್ತೆಯ ಬೆಳ್ಳಿ ಕರಡಿಗೆ, ಇಷ್ಟಲಿಂಗ ಇಡುವ ಆ ಪುಟ್ಟ ಡಬ್ಬಿ, ಎಡಗಡೆಯ ಚಪ್ಪಟೆ ಜಾಗದ ಮೇಲೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಹಾಗೆ ನೆಟ್ಟಗೆ ಕೂತಿದೆ. ಸುಳ್ಳೇಕೆ, ನನಗೆ ಸ್ವಲ್ಪ ಮುಜುಗರವಾಯಿತು. ಗೆಳತಿಯರಿಗೆ ಆಲ್ಬಮ್ ತೋರಿಸುವಾಗ ಆ ಪುಟಗಳನ್ನು ಬೇಗ ತಿರುವಿದೆ.

ಕಿರಣ್ ಎದ್ದ. ಕಾರಂಜಿ ಕೆರೆಗೆ ಹೋಗುತ್ತೇವೆ.

೫ ಮಾರ್ಚ್, ಮಂಗಳವಾರ

ಕಿರಣ್ ಮಲ್ಲಿಗೆ ತಂದ. ಮೈಸೂರು ಮಲ್ಲಿಗೆಯೇ, ಕೇಳಿ ಆರಿಸಿ ತಂದದ್ದಂತೆ. ಅದರ ಬಗ್ಗೆ ಒಂದು ಪುಟ ಬರೆಯಬಹುದು. ಬರೆಯುವುದಿಲ್ಲ, ನಾಚಿಕೆ.

ಬೆಳಿಗ್ಗೆ ಬೇಗ ಎದ್ದು ಹಾಲು ತೆಗೆದುಕೊಳ್ಳಲು ಹೋದರೆ ಅತ್ತೆ ಜಗುಲಿಯ ಬರಿನೆಲದಲ್ಲಿ ಕಾಲು ಚಾಚಿ ಕೂತಿದ್ದರು. ರವಿಕೆ ಬೆನ್ನಿಗೆ ಅಂಟಿತ್ತು. ಮುಖ ಒಲೆಯ ಮುಂದೆ ಕೂತವರ ಹಾಗೆ ಕೆಂಪು. ಹೊರಗೆ ಚಳಿಯಿತ್ತು, ನಾನು ಶಾಲು ಹೊದ್ದಿದ್ದೆ.

"ಏನಾಯ್ತು ಅತ್ತೆ?"

"ಬೆಂಕಿ ಬಂತು ಕಣಮ್ಮ. ದಿನಾ ಬತ್ತದೆ. ಹಂಡೆ ತಂದು ನನ್ನ ಪಕ್ಕ ಇಡು, ಸೌದೆ ಉಳಿತದೆ."

ಒಂದು ಸಣ್ಣ ಬಿಳಿ ಟವೆಲ್ ಯಾವಾಗಲೂ ಅವರ ಹೆಗಲ ಮೇಲಿರುತ್ತದೆ, ಬೆವರೊರೆಸಲು. ಆಪರೇಷನ್ ಆದ ಮೇಲೆ ಕೊಟ್ಟಿರುವ ಮಾತ್ರೆಯಿಂದ ಹೀಗಂತೆ. ಟಮಾಕ್ಸಿಫೆನ್ ಅಂತ ಹೆಸರು. ಐದು ವರ್ಷ ತೆಗೆದುಕೊಳ್ಳಬೇಕಂತೆ, ಒಂದು ಇನ್ನೂ ತುಂಬಿಲ್ಲ. ಸ್ನಾನ ಮಾಡಿ, ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿದ ಮೇಲೆ ಪಾದೋದಕದ ತೀರ್ಥದ ಜೊತೆಯಲ್ಲೇ ಅದನ್ನು ನುಂಗುತ್ತಾರೆ. "ಮರೆಯೋದೇ ಇಲ್ಲ ನೋಡು. ಮಾತ್ರೆ ಮರೀಬೇಕಾದ್ರೆ ಶಿವನ್ನೇ ಮರೀಬೇಕು."

ಟಾನಿಕ್ಕಿನ ಥರದ್ದೇನೋ ಇರಬೇಕು. ಕ್ಯಾನ್ಸರನ್ನಂತೂ ಕತ್ತರಿಸಿ ಎಸೆದಾಯಿತಲ್ಲ.

೧೩ ಮಾರ್ಚ್, ಬುಧವಾರ

ನಿನ್ನೆ ಶಿವರಾತ್ರಿ. ಮಾವನ ಅಕ್ಕ ನೀಲಮ್ಮತ್ತೆ ಮಂಡಕಳ್ಳಿಯಿಂದ ಬಂದಿದ್ದಾರೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ನನ್ನ ಹೊಟ್ಟೆ ನೋಡಿ "ಏನಾರ ವಿಶೇಷವಾ?" ಅಂದರು. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ನಾನು ಪೆದ್ದುಪೆದ್ದಾಗಿ ನಕ್ಕೆ.

ಇವತ್ತು ಊಟದ ಹೊತ್ತಿಗೆ ಅತ್ತೆಗೆ ಬೆಂಕಿ ಬಂತು. ಅನ್ನ ಕಲೆಸುತ್ತಿದ್ದ ಕೈ ಹಾಗೇ ನಿಂತಿತು, ಕುತ್ತಿಗೆಯಿಂದ ಬೆವರು ಇಳಿಯಿತು. ನೀಲಮ್ಮತ್ತೆ ನೋಡುತ್ತ ಕೂತರು.

"ಎಷ್ಟು ಉಷ್ಣ ಆಗ್ಬುಟ್ಟೀಯ ಸಿದ್ದಿ. ಬೇಸ್ಗೇಲಿ ನಾವು ಎಳ್ಳು ಮುಟ್ಟಲ್ಲ, ಉಳ್ಳಿಕಾಳು ಬೇಯ್ಸಲ್ಲ. ನೀನು ಬೆಂಕಿಯಂತಾ ಮಾತ್ರೆ ದಿನಾ ನುಂಗ್ತೀಯ. ಯಾವ ಡಾಕ್ಟ್ರು ಕೊಟ್ರೇನು, ಋತು ನೋಡ್ಬೇಡ್ವಾ?"

"ಐದು ವರ್ಷ ಅಂದವ್ರೆ ಅತ್ಗೆ."

"ಐದೊರ್ಷ ಅಂದ್ರೆ ಐದೊರ್ಷದ ಲೆಕ್ಕ ಸರಿಹೋದ್ರೆ ಆಯ್ತು. ಬೇಸ್ಗೆ ಬುಟ್ಟು ಮಳೆಗಾಲ್ದಲ್ಲಿ ತಗೋ. ಭರಣಿ ಮಳೆ ಬೀಳ್ಲಿ, ಭೂಮಿ ತಣ್ಣಗಾಗ್ಲಿ, ಆಮೇಲೆ ಶುರು ಮಾಡು. ಯಾರು ಬ್ಯಾಡ ಅಂದ್ರು?"

ಎಷ್ಟು ಸರಿಯಾದ ಮಾತು ಅನ್ನಿಸಿತು ನನಗೆ. ಉಷ್ಣದ ಪದಾರ್ಥವನ್ನು ಬೇಸಿಗೆಯಲ್ಲಿ ಯಾರು ತಿನ್ನುತ್ತಾರೆ? ನಾನೇ ಮುಂದಾಗಿ, "ಅತ್ತೆ, ನಾನು ಸೊಗದೆಬೇರಿನ ಶರಬತ್ತು, ಕಾಮಕಸ್ತೂರಿ ಬೀಜದ ಪಾನಕ ಎಲ್ಲ ಮಾಡಿಕೊಡುತ್ತೇನೆ, ನಿಮ್ಮನ್ನ ಊಟಿ ಥರ ತಣ್ಣಗಿಡುತ್ತೇನೆ" ಅಂದೆ. ಅತ್ತೆ ನಕ್ಕರು. ಸಂಜೆ ಮಾತ್ರೆಯ ಪಟ್ಟಿಯನ್ನು ವಿಭೂತಿ ಗಟ್ಟಿಯ ಡಬ್ಬಿಯಿಂದ ತೆಗೆದು ಬೀರುವಿನಲ್ಲಿಟ್ಟರು.

"ಗಂಡಸರಿಗೆ ಹೇಳ್ಬೇಡ. ಡಾಕ್ಟ್ರನ್ನ ಕೇಳು ಅಂತ ತಲೆ ತಿಂತಾರೆ."

ನಮ್ಮಿಬ್ಬರ ಮೊದಲ ಗುಟ್ಟು. ನನಗೆ ಬಡ್ತಿ ಸಿಕ್ಕ ಹಾಗಿದೆ.

೧೪ ಏಪ್ರಿಲ್, ಭಾನುವಾರ

ನಿನ್ನೆ ಯುಗಾದಿ. ಕಿರಣ್ ಗಿಳಿಹಸಿರು ಸೀರೆ ಕೊಡಿಸಿದ. ಉಟ್ಟು ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೆಂದರೆ ಮಾವ ಹೊರಗಿನಿಂದ ಕೆಮ್ಮಿದರು.

ಅತ್ತೆ ಬೇರೆ ಹೆಂಗಸೇ ಆಗಿಬಿಟ್ಟಿದ್ದಾರೆ. ಬೆಂಕಿ ಬರುವುದು ಬಹುತೇಕ ನಿಂತಿದೆ. ಬೆಳಗಾಗುವವರೆಗೆ ನಿದ್ದೆ. ಒಬ್ಬರೇ ಕೂತು ಒಬ್ಬಟ್ಟು ತಟ್ಟಿದರು, ತಟ್ಟುತ್ತ ಹಾಡಿದರು. ಎಲ್ಲ ನನ್ನ ಶರಬತ್ತಿನ ಮಹಿಮೆ. ಇಂಗ್ಲಿಷ್ ಮೀಡಿಯಂ ಹುಡುಗಿಗೆ ಅಡುಗೆಮನೆ ಗೊತ್ತಿಲ್ಲ ಅಂದವರು ಬಂದು ನೋಡಲಿ.

ಟವೆಲ್ ಮಾತ್ರ ಅಭ್ಯಾಸಬಲದಿಂದ ಹೆಗಲ ಮೇಲೇ ಇದೆ.

೩ ಮೇ, ಶುಕ್ರವಾರ

 ಎಲ್ಲ ಬರೆದಿಡಬೇಕು.

ಇವತ್ತು ಅತ್ತೆಯ ಚೆಕಪ್ ಇತ್ತು. ಕಿರಣ್‌ಗೆ ಅಂಗಡಿಯಲ್ಲಿ ಮದುವೆ ಸೀಸನ್ನಿನ ಗಿರಾಕಿಗಳು, ನಾನು ಜೊತೆಗೆ ಹೋದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಅನುಪಮಾ ಅನ್ನುವವರು. ಪರೀಕ್ಷೆ ಮಾಡಿ ಕೈ ತೊಳೆಯುತ್ತ, "ಮಾತ್ರೆ ಸರಿಯಾಗಿ ತಗೋತಾ ಇದ್ದೀರಾ ಸಿದ್ದಲಿಂಗಮ್ಮ?" ಅಂದರು.

"ಶಿವರಾತ್ರಿ ಆದ್ಮೇಲೆ ನಿಲ್ಸಿದೀನಿ."

"ಯಾಕೆ?"

"ಬೇಸಿಗೆ ಅಲ್ವಾ."

ಡಾಕ್ಟರ್ ಟವೆಲ್ಲಿಗೆ ಕೈ ಒರೆಸುವುದನ್ನು ನಿಲ್ಲಿಸಿದರು. ಕಿರುಚಲಿಲ್ಲ. ಕುರ್ಚಿ ಎಳೆದುಕೊಂಡು ನಮ್ಮ ಎದುರಿಗೇ ಕೂತರು. "ಬೇಸಿಗೆ ರಜ ಇಸ್ಕೂಲಿಗೆ ಕಣಮ್ಮ, ಈ ಮಾತ್ರೆಗಲ್ಲ."

"ಗಂಟು ತೆಗೆದಾಯ್ತಲ್ಲ ಡಾಕ್ಟ್ರೇ. ಇಲ್ದೇ ಇರೋದಕ್ಕೆ ಯಾಕೆ ಮಾತ್ರೆ?"

"ಕಣ್ಣಿಗೆ ಕಂಡಿದ್ದು ತೆಗೆದ್ವಿ. ಕಾಣದ ಒಂದೆರಡು ಕಣ ಮೈಯಲ್ಲಿ ಎಲ್ಲಾದರೂ ಅಡಗಿ ಕೂತಿದ್ರೆ? ನಿಮ್ಮ ಗಂಟನ್ನ ಟೆಸ್ಟಿಗೆ ಕಳಿಸಿದಾಗ, ಅದು ನಿಮ್ಮ ಮೈಯಲ್ಲೇ ಇರೋ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ತಿಂದು ಬೆಳೆಯೋ ಜಾತಿ ಅಂತ ಬಂತು. ಎಲ್ಲರದ್ದೂ ಹಾಗಿರಲ್ಲ, ಹಾಗಿಲ್ಲದವರಿಗೆ ಈ ಮಾತ್ರೆ ಕೊಡೋದೂ ಇಲ್ಲ. ಆ ಕಣಗಳ ಮೇಲೆ ಹಾರ್ಮೋನ್ ಬಂದು ಕೂರೋಕೆ ಅಂತಲೇ ಜಾಗ ಇರುತ್ತೆ. ಮಾತ್ರೆ ಮೊದಲೇ ಹೋಗಿ ಅಲ್ಲಿ ಕೂತ್ಕೊಳ್ಳುತ್ತೆ. ಅದಕ್ಕೇ ದಿನಾ ಬೇಕು."

"ಬೆಳಗಿನ ಜಾವ ಬೆಂಕಿ ಹೊತ್ಕೊಂಡು ಎದ್ದು ಕೂತ್ಕೊಳ್ಳೋಳು ನಾನು. ನೀವು ಒಂದು ತಿಂಗ್ಳು ನುಂಗಿ ನೋಡಿ, ಆಮೇಲೆ ಹೇಳಿ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಡಾಕ್ಟರ್ ಮಾತ್ರ ತಲೆಯಾಡಿಸಿದರು. "ನಿಜ, ನನಗೆ ಗೊತ್ತಾಗಲ್ಲ. ಅದಕ್ಕೇ ನೀವು ಬಂದು ಹೇಳಬೇಕು. ಹಾರ್ಮೋನಿಗೆ ಜಾಗ ಸಿಗದೆ ಮೈ ಗಲಾಟೆ ಮಾಡುತ್ತೆ, ಅದು ಉಷ್ಣ ಅಲ್ಲ, ಶರಬತ್ತಿಗೆ ಹೋಗೋದೂ ಅಲ್ಲ. ನೀವು ಹೇಳಿದ್ರೆ ತಡೆಯೋಕೆ ಏನಾದ್ರೂ ದಾರಿ ಹುಡುಕಬಹುದು. ಹೇಳದೆ ನಿಲ್ಲಿಸಿದ್ರೆ ನಾನೇನು ಹುಡುಕಲಿ?"

ಶರಬತ್ತು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಬಾಗಿಲ ಹತ್ತಿರ ಇನ್ನೂ ಒಂದಷ್ಟು ಹೇಳಿದರು. ಬಿಟ್ಟ ಮಾತ್ರೆ ಸರಿದೂಗಿಸಲು ಎರಡೆರಡು ನುಂಗಬಾರದು. ಕಾಲಿನ ಮೀನಖಂಡ ಊದಿ ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಆ ಕ್ಷಣವೇ ಬರಬೇಕು. ಮುಟ್ಟು ನಿಂತವರಿಗೆ ಒಂದು ಕಲೆ ರಕ್ತ ಕಂಡರೂ ಬಂದು ಹೇಳಬೇಕು. ಬೇರೆ ಯಾವ ಮಾತ್ರೆ, ಯಾವ ಲೇಹ್ಯವನ್ನೂ ಕೇಳದೆ ತಗೋಬಾರದು. ಆಮೇಲೆ ದನಿ ತಗ್ಗಿಸಿ, "ಮುಟ್ಟು ನಿಂತಿದೆ ಅಂತ ನಂಬ್ಕೋಬೇಡಿ, ಈ ಮಾತ್ರೆ ತಗೊಳ್ಳುವಾಗ ಬಸಿರಾಗಬಾರದು" ಅಂದರು.

ಅತ್ತೆ ನನ್ನ ಕಡೆ ತಿರುಗಿದರು. "ಸೊಸೆ ಹೆರೋ ಮನೇಲಿ ಅತ್ತೆ ಹೆತ್ರೆ ತೊಟ್ಟಿಲು ಯಾರಿಗೆ ಕಟ್ಟೋದು ಡಾಕ್ಟ್ರೇ?" ಹೊರಗೆ ಬೆಂಚಿನಲ್ಲಿ ಕೂತಿದ್ದವರೂ ನಕ್ಕರು. ಆದರೆ ಮಾತ್ರೆ ಶುರು ಮಾಡುತ್ತೇನೆಂದು ಅತ್ತೆ ಹೇಳಲೇ ಇಲ್ಲ. ಮೆಟ್ಟಿಲಿಳಿಯುತ್ತ, "ಓದಿದೋರು ಹೇಳ್ತಾರೆ, ಉರಿಯೋದು ನಮ್ಗೆ" ಅಂದರು.  ಮನೆಗೆ ಹೋಗಿ ಕಿರಣ್‌ಗೆ ಹೇಳಿಬಿಡಬೇಕು ಅಂದುಕೊಂಡೆ.

ಅಲ್ಲಿಂದ ಮಂಡಕಳ್ಳಿಗೆ ಹೋಗಬೇಕಿತ್ತು, ನೀಲಮ್ಮತ್ತೆ ಊಟಕ್ಕೆ ಕರೆದಿದ್ದರು. ನಂಜನಗೂಡು ರಸ್ತೆಯ ಬಸ್ಸು ನಿಲ್ದಾಣಕ್ಕೆ ಬರುತ್ತಿದ್ದ ಹಾಗೇ ಜನ ಮುಗಿಬಿದ್ದರು. ಅತ್ತೆ ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿ, ಹೆಗಲ ಟವೆಲ್ ತೆಗೆದು, ಕಿಟಕಿಯೊಳಗೆ ಕೈ ಹಾಕಿ ಸೀಟಿನ ಮೇಲೆ ಎಸೆದರು. ನಾನು ಹಿಂದೆ ಸರಿದು, ಇವರು ಯಾರೋ ನನಗೆ ಗೊತ್ತಿಲ್ಲ ಅನ್ನುವ ಮುಖ ಮಾಡಿಕೊಂಡು ನಿಂತೆ.

ನಾವು ಹತ್ತುವ ಹೊತ್ತಿಗೆ ಸಫಾರಿ ತೊಟ್ಟ ಒಬ್ಬರು ಆ ಸೀಟಿನಲ್ಲಿ ಕೂತು ಪೇಪರ್ ಬಿಡಿಸಿದ್ದರು. ಟವೆಲ್ ಮೇಲಿನ ಕಂಬಿಯ ಮೇಲಿತ್ತು.

"ಏಳಪ್ಪ, ಅದು ನನ್ನ ಸೀಟು."

"ಟವೆಲ್ ನಿಮ್ದು ಕಣಮ್ಮ. ಸೀಟು ಸರ್ಕಾರದ್ದು."

"ಟವೆಲ್ ಇರೋಗಂಟ ಸೀಟು ನಂದೇ. ಎತ್ತಿದ್ದು ಯಾರು?"

"ಗಾಳಿಗೆ ಬಿದ್ದಿತ್ತು."

"ಗಾಳಿ ನಿಮ್ಮನೇಲಿ ಬಟ್ಟೆ ಮಡಿಸಿ ಕಂಬಿ ಮೇಲೆ ಹಾಕ್ತದಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಕೂಡ, "ಟವೆಲ್ ಹಾಕಿದ್ರೆ ಆಯ್ತು ಬುಡಿ ಸಾರ್, ಎದ್ದೇಳಿ" ಅಂದ. ಅವರು ಗೊಣಗುತ್ತ ಎದ್ದರು. ಅತ್ತೆ ರಾಣಿಯ ಹಾಗೆ ಕೂತರು. ನಾನು ಪಕ್ಕದಲ್ಲಿ ಕಂಬಿ ಹಿಡಿದು, ಮುಖ ಎಲ್ಲಿಡಲಿ ಎಂದು ತಿಳಿಯದೆ ಟವೆಲ್ಲನ್ನೇ ನೋಡುತ್ತಿದ್ದೆ. ಬಸ್ಸು ಚಾಮರಾಜಪುರಂ ದಾಟಿರಬೇಕು, ಆಗ ಹೊಳೆಯಿತು.

"ಅತ್ತೆ, ಡಾಕ್ಟರ್ ಹೇಳಿದ್ದು ಇದೇ."

"ಯಾವುದು?"

"ಮಾತ್ರೆ ಅಂದರೆ ಟವೆಲ್. ಹಾರ್ಮೋನ್ ಕೂರೋ ಸೀಟಿನ ಮೇಲೆ ಮೊದಲೇ ಹಾಕಿಡೋದು. ಅದು ಬರುತ್ತೆ, ನೋಡುತ್ತೆ, ಜಾಗ ಇಲ್ಲ ಅಂತ ನಿಂತ್ಕೊಳ್ಳುತ್ತೆ. ನಾವು ಬೇಸಿಗೆ ಅಂತ ಟವೆಲ್ ಎತ್ತಿ ಕಂಬಿ ಮೇಲೆ ಇಟ್ಟುಬಿಟ್ಟಿದ್ದೀವಿ."

ಅತ್ತೆ ನನ್ನನ್ನು ನೋಡಿದರು. ಆಮೇಲೆ ಕಿಟಕಿಯ ಆಚೆ ನೋಡಿದರು.  ಮಂಡಕಳ್ಳಿಯಲ್ಲಿ ಇಳಿಯುವಾಗ ಕೇಳಿದರು, "ಅಷ್ಟು ದಿನದಲ್ಲಿ ಯಾರಾದ್ರೂ ಬಂದು ಕೂತಿದ್ರೆ?"

ನಾನು ಅವರ ಕೈ ಹಿಡಿದು ಇಳಿಸಿಕೊಂಡೆ. 

ನೀಲಮ್ಮತ್ತೆ ಮಜ್ಜಿಗೆ ಕೊಟ್ಟು, "ಮಾತ್ರೆ ಬುಟ್ಟ ಮೇಲೆ ಮುಖದಲ್ಲಿ ಕಳೆ ಬಂದದೆ ನೋಡು" ಅಂದರು. ಅತ್ತೆ ಮಜ್ಜಿಗೆ ಕುಡಿದು ಲೋಟ ಬೋರಲು ಹಾಕಿದರು.

೪ ಮೇ, ಶನಿವಾರ

ಭರಣಿ ಮಳೆ ಇನ್ನೂ ಬಿದ್ದಿಲ್ಲ. ಅತ್ತೆ ಪೂಜೆ ಮುಗಿಸಿ ಮಾತ್ರೆ ನುಂಗಿದರು.

೯ ಜೂನ್, ಭಾನುವಾರ

ಬೆಂಕಿ ವಾಪಸ್ಸು ಬಂದಿದೆ, ಮೊದಲಿಗಿಂತ ಜೋರಾಗಿ. ಕಿರಣ್ ಸಿನಿಮಾಕ್ಕೆ ಕರೆದ. ಇನ್ನೊಂದು ದಿನ ಅಂದೆ. ಹೋದ ವಾರ ಮತ್ತೆ ಹೋಗಿ ಕೇಳಿದಾಗ ಡಾಕ್ಟರ್ ಹೇಳಿಕೊಟ್ಟದ್ದನ್ನೆಲ್ಲ ನಾನು, ಅತ್ತೆ ಇಬ್ಬರೂ ಒಂದೊಂದಾಗಿ ಮಾಡಿ ನೋಡುತ್ತಿದ್ದೇವೆ. ಕಾಫಿ ಆರಿಸಿ ಕುಡಿಯುವುದು, ಸಾರಿಗೆ ಖಾರ ಕಡಿಮೆ ಮಾಡುವುದು, ಕಿಟಕಿ ತೆರೆದು ಮಲಗುವುದು. ಆರಿದ ಕಾಫಿ ಕುಡಿಯುವಾಗ ಅತ್ತೆಯ ಮುಖ ನೋಡಬೇಕು. "ಕ್ಯಾನ್ಸರ್ ತಡ್ಕೊಂಡೆ, ಇದನ್ನ ಎಂಗೆ ತಡ್ಕೊಳ್ಳೋದು?"

೧೧ ಆಗಸ್ಟ್, ಭಾನುವಾರ

ಅತ್ತೆ ರೇಷ್ಮೆ, ನೈಲಾನು ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದರು. ಮನೆಯಲ್ಲಿ ತೆಳು ಹತ್ತಿ ಸೀರೆಗೆ ಮಾವನ ಹಳೇ ಹತ್ತಿಯ ಅರ್ಧ ತೋಳಿನ ಅಂಗಿ ತೊಡುತ್ತಾರೆ. ಬಿಗಿ ರವಿಕೆಯೊಳಗೆ ಬೇಯುವುದು ಸಾಕಂತೆ. ಪಕ್ಕದ ಮನೆಯ ಸುಮಿತ್ರಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ರೀ ಇದು, ಯಜಮಾನ್ರ ಅಂಗಿ" ಅಂದರು.

"ಅವ್ರು ಇನ್ನೊಂದು ತೊಟ್ಕೊಂಡವ್ರೆ ಕಣ್ರೀ. ನೋಡ್ಬೇಕಾದ್ರೆ ಒಳಗೆ ಬನ್ನಿ."

ಮಾವ ಒಳಗೆ ಪೇಪರಿನ ಹಿಂದೆ ನಗುತ್ತಿದ್ದರು, ಪೇಪರ್ ಅಲುಗುತ್ತಿತ್ತು.

ಅಂಗಿಯ ಜೇಬು ಎಡಗಡೆಗಿದೆ. ಅತ್ತೆ ಕರಡಿಗೆಯನ್ನು ಅದರೊಳಗೆ ಬಿಟ್ಟುಕೊಳ್ಳುತ್ತಾರೆ. ಕ್ಯಾಮೆರಾ ತಂದು ಫೋಟೋ ತೆಗೆದೆ. ಆಲ್ಬಮ್ಮಿನ ಮೊದಲ ಪುಟಕ್ಕೆ ಅಂಟಿಸುತ್ತೇನೆ.

೧೮ ನವೆಂಬರ್, ಸೋಮವಾರ

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅತ್ತೆ ಕರೆದರು. ಲಂಗದ ಮೇಲೆ ರಕ್ತದ ಕಲೆ.

"ನಿಂತು ವರ್ಷದ ಮೇಲಾಗಿತ್ತು. ಮತ್ತೆ ಹುಡುಗಿ ಆಗ್ಬುಟ್ಟೆ ನೋಡು" ಎಂದು ನಗಲು ಹೋದರು. ನಾನು ನಗಲಿಲ್ಲ. ಅವರ ನಗುವೂ ಅರ್ಧಕ್ಕೆ ನಿಂತಿತು.

"ನಾಳೆ ಹೋಗೋಣ ಅತ್ತೆ."

"ಒಂದು ಚೂರು ಕಲೆ ಕಣಮ್ಮ."

"ಒಂದು ಚೂರೇ ಅಂದಿದ್ದು ಅವರು."

"ನಾಳಿದ್ದು ನೋಡಣ."

"ನಾಳೆ" ಅಂದೆ. ನನ್ನ ದನಿ ನಮ್ಮ ಸ್ಕೂಲಿನ ಸಿಸ್ಟರಿನ ಹಾಗಿತ್ತು. ಅತ್ತೆ ಲಂಗವನ್ನು ಕಲ್ಲಿನ ಮೇಲೆ ಬಿಟ್ಟು ಒಳಗೆ ಹೋದರು.

೨೩ ನವೆಂಬರ್, ಶನಿವಾರ

ಸ್ಕ್ಯಾನ್ ಆಯಿತು. ಗರ್ಭಕೋಶದ ಒಳಪದರ ದಪ್ಪಗಾಗಿದೆಯಂತೆ. ನಿನ್ನೆ ಅರಿವಳಿಕೆ ಕೊಟ್ಟು ಅದನ್ನು ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಈ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ, ತೀರಾ ಕೆಲವರಿಗೆ, ಗರ್ಭಕೋಶದಲ್ಲಿ ಕ್ಯಾನ್ಸರ್ ಬರುವುದುಂಟು ಎಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು. ಫಲಿತಾಂಶ ಬರುವವರೆಗೆ ಮಾತ್ರೆ ಬೇಡ ಅಂದರು. ಈ ಸಲ ಟವೆಲ್ ಎತ್ತಿಸಿದ್ದು ಅವರೇ.

ಅತ್ತೆ ಪಾದೋದಕ ಮಾತ್ರ ಕುಡಿದು ಎದ್ದರು.

೧ ಡಿಸೆಂಬರ್, ಭಾನುವಾರ

ಸುದ್ದಿ ಮಂಡಕಳ್ಳಿ ಮುಟ್ಟಿದೆ. ನೀಲಮ್ಮತ್ತೆ ಬಂದರು. ಒಳಗೆ ಬಂದವರೇ ಹೇಳಿದರು, "ನಾನು ಆಗ್ಲೇ ಏಳಿದ್ದೆ. ಕೇಳ್ದ್ಯಾ? ಎದೇದು ಓಡ್ಸಕ್ಕೆ ಓಗಿ ಒಟ್ಟೇಗೆ ಕರ್ಕೊಂಡೆ."

ಮಾವ ಎಂದೂ ಮಾತಾಡದವರು ಮಾತಾಡಿದರು. "ಸಾಕು ಬುಡು ಸಿದ್ದಿ. ರಿಪೋರ್ಟು ಏನಾದ್ರೂ ಬರ್ಲಿ, ಇನ್ನು ಆ ಮಾತ್ರೆ ಈ ಮನೇಲಿ ಬೇಡ. ನಂಗೆ ಅಂಗಡೀಲಿ ಕೂರಕ್ಕಾಗಲ್ಲ." ಕಿರಣ್ ಕೂಡ, "ಹೌದಮ್ಮ, ಬಿಟ್ಟುಬಿಡು" ಅಂದ.

ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ನಿಮಗೆಲ್ಲ ಹೆದರಿಕೆ ಆಯ್ತದೆ. ನಂಗೂ ಆಯ್ತದೆ. ಒಂದು ಸಲ ಯಾರ್ನೂ ಕೇಳ್ದೆ ನಿಲ್ಸಿ, ಮೈ ತಣ್ಣಗಾಯ್ತು ಅಂತ ಒಬ್ಬಟ್ಟು ತಟ್ಟಿದೆ. ಈ ಸಲ ಕೇಳ್ಬುಟ್ಟು ತೀರ್ಮಾನ ಮಾಡ್ತೀನಿ. ನಿಮ್ಮ ಬೀಪಿ ಮಾತ್ರೆ ನೀವು ನುಂಗಿ, ನನ್ನದು ನಾನು ನೋಡ್ಕೋತೀನಿ."

"ಎಂಗಸಿಗೆ ಅಟ ಒಳ್ಳೇದಲ್ಲ" ಅಂದರು ನೀಲಮ್ಮತ್ತೆ. ಆಮೇಲೆ ನನ್ನ ಕಡೆ ತಿರುಗಿ, "ನೀನೇ ಇವಳ ತಲೆ ಕೆಡ್ಸಿರೋಳು. ಇಂಗ್ಲಿಷು ಓದಿ ಓದಿ. ಮೊದ್ಲು ನಿನ್ನ ಒಟ್ಟೇಲಿ ಏನಾರ ವಿಶೇಷ ನೋಡ್ಕೋ."

"ವಿಶೇಷ ಇದೆ ದೊಡ್ಡತ್ತೆ" ಅಂದೆ. ಎಲ್ಲರೂ ತಲೆ ಎತ್ತಿದರು. "ನಾಳೆ ಅತ್ತೆಯ ರಿಪೋರ್ಟ್ ಬರುತ್ತೆ. ಅದಕ್ಕಿಂತ ವಿಶೇಷ ಈ ಮನೇಲಿ ಸದ್ಯಕ್ಕೆ ಯಾವುದೂ ಇಲ್ಲ."

ಅತ್ತೆ ಒಂದು ಹಿಡಿ ಅವರೆಕಾಯನ್ನು ನನ್ನ ಮುಂದೆ ತಳ್ಳಿದರು. ನಾನೂ ಸುಲಿಯತೊಡಗಿದೆ.

೨ ಡಿಸೆಂಬರ್, ಸೋಮವಾರ

ಕ್ಯಾನ್ಸರ್ ಅಲ್ಲ. ಅಲ್ಲ. ಅಲ್ಲ.

ಒಳಗೆ ಚಿಗುರಿನ ಹಾಗೆ ಬೆಳೆದಿದ್ದ ಸಣ್ಣ ಮಾಂಸದ ಮೊಳಕೆಯಂತೆ, ತೆಗೆದಾಗಿದೆ. ಡಾಕ್ಟರ್ ಎರಡೂ ಕಡೆಯದನ್ನು ಇಟ್ಟು ಹೇಳಿದರು. ಗರ್ಭಕೋಶದ ಅಪಾಯ ಇದೆ, ಸಣ್ಣದು, ಬಂದರೂ ಹೀಗೆ ಬೇಗ ಬಂದು ಹೇಳಿದರೆ ಹಿಡಿಯಬಹುದು. ಎದೆಯದು ಮರಳುವ ಅಪಾಯ ನಿಮಗೆ ಅದಕ್ಕಿಂತ ದೊಡ್ಡದು. ಮುಂದುವರಿಸಿ ಎನ್ನುವುದು ನನ್ನ ಸಲಹೆ. ಬೇಡ ಎಂದರೆ ಬೇರೆ ದಾರಿ ಮಾತಾಡೋಣ. ಮೈ ನಿಮ್ಮದು.

"ಬೇಸಿಗೇಲಿ ನಾನು ಬುಟ್ಟಿದ್ದು ಏನಾದ್ರೂ ಕೆಡಿಸಿದ್ಯಾ ಡಾಕ್ಟ್ರೇ?"

"ಸದ್ಯಕ್ಕೆ ಏನೂ ಕಾಣ್ತಿಲ್ಲ. ಮುಂದಿಂದು ಯಾರಿಗೂ ಖಂಡಿತ ಹೇಳೋಕಾಗಲ್ಲ."

ಅತ್ತೆ ಸ್ವಲ್ಪ ಹೊತ್ತು ಮಡಿಲಲ್ಲಿದ್ದ ಟವೆಲ್ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಸರಿ. ನಾಳೆಯಿಂದ ಹಾಕ್ತೀನಿ" ಅಂದರು. ಡಾಕ್ಟರ್, "ಏನು ಹಾಕ್ತೀರಿ?" ಎಂದು ಕೇಳಿದರು. ನಾವಿಬ್ಬರೂ ಹೇಳಲಿಲ್ಲ.

೧೮ ಫೆಬ್ರುವರಿ ೨೦೦೩, ಮಂಗಳವಾರ

ನಿನ್ನೆ ನಮ್ಮ ಮದುವೆಯ ವಾರ್ಷಿಕೋತ್ಸವವಾಗಿತ್ತು, ನನಗೆ ಮರೆತೇ ಹೋಗಿತ್ತು. ಸಂಜೆ ಕಿರಣ್ ಮಲ್ಲಿಗೆ ಹಿಡಿದುಕೊಂಡು ಬಂದಾಗ ಯಾರ ಮನೆಗೆ ಹೋಗಬೇಕು ಎಂದು ಕೇಳಿದೆ. ಪಾಪ, ಅವನ ಹುಬ್ಬು ಗಂಟಾಯಿತು. ನಾನು ಮತ್ತು ಅತ್ತೆ ಅಡುಗೆಮನೆಯಲ್ಲಿ ಬಿದ್ದು ಬಿದ್ದು ನಕ್ಕೆವು. ಹೂವನ್ನು ಮೂರು ಪಾಲು ಮಾಡಿ ಒಂದನ್ನು ದೇವರಿಗಿಟ್ಟು ಉಳಿದದ್ದನ್ನು ನಾವು ಮುಡಿದೆವು.

೧ ಮಾರ್ಚ್ ೨೦೦೩, ಶನಿವಾರ

ಶಿವರಾತ್ರಿ. ಬೆಳಿಗ್ಗೆಯೇ ನೀಲಮ್ಮತ್ತೆ ಬಂದಿಳಿದರು. ಎಲ್ಲರೂ ನಂಜನಗೂಡಿಗೆ ಹೋಗಿ ಬರುವುದೆಂದು ಮಾತಾಗಿತ್ತು.

ಅತ್ತೆ ಪೂಜೆಗೆ ಕೂತರು. ನೀಲಮ್ಮತ್ತೆ, ಮಾವ, ಕಿರಣ್ ಎಲ್ಲ ಸುತ್ತ ಕೂತಿದ್ದರು. ಪೂಜೆ ಮುಗಿಯಿತು. ಅತ್ತೆ ಪಾದೋದಕ ತೆಗೆದುಕೊಂಡು, ವಿಭೂತಿ ಡಬ್ಬಿಯ ಪಕ್ಕದ ಪಟ್ಟಿಯಿಂದ ಮಾತ್ರೆ ಒಡೆದರು.

"ಇವತ್ತು ಉಪವಾಸ ಸಿದ್ದಿ" ಅಂದರು ನೀಲಮ್ಮತ್ತೆ. "ತೀರ್ಥ ಬುಟ್ಟು ಇನ್ನೇನೂ ಗಂಟ್ಲಲ್ಲಿ ಇಳೀಬಾರ್ದು. ಒಂದು ದಿನಕ್ಕೆ ಏನಾಗ್ಬುಡ್ತದೆ? ಬೇಸ್ಗೆ ಬೇರೆ ಬಂತು."

"ಉಪವಾಸ ಕೆಟ್ರೆ ಕೆಡ್ಲಿ ಅತ್ಗೆ. ಟವೆಲ್ ಎತ್ತಕಾಗಲ್ಲ."

"ಯಾವ ಟವೆಲ್ಲು?"

ಅತ್ತೆ ಮಾತ್ರೆ ನುಂಗಿದರು.  ಮಾವ ಎದ್ದು ಹೋಗಿ ಒಂದು ಲೋಟ ನೀರು ತಂದು ಅತ್ತೆಯ ಮುಂದಿಟ್ಟರು.

ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಂಜನಗೂಡಿನ ಬಸ್ಸು ಒಳಗೆ ಬರುವ ಮೊದಲೇ ಜನ ಅದರ ಜೊತೆ ಓಡತೊಡಗಿದರು. ನೀಲಮ್ಮತ್ತೆಗೆ ಮಂಡಿನೋವು, ಅತ್ತೆಯ ಮುಖಕ್ಕೆ ಬೆಂಕಿ ಏರುತ್ತಿತ್ತು. ಮಾವ, ಕಿರಣ್ ಗುಂಪಿನಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದರು. ನಾನು ಅತ್ತೆಯ ಹೆಗಲಿನಿಂದ ಟವೆಲ್ ಎಳೆದುಕೊಂಡು ಓಡಿದೆ. ಸೆರಗು ಎಲ್ಲಿ ಹೋಯಿತೋ. ಕಿಟಕಿಯ ಕಂಬಿಗೆ ಮೊಣಕೈ ಬಡಿಯಿತು, ಟವೆಲ್ ಎರಡು ಸೀಟಿಗೂ ಅಡ್ಡಲಾಗಿ ಬಿತ್ತು. ಒಳಗಿದ್ದ ಒಬ್ಬರು ಅದನ್ನು ಎತ್ತಲು ಕೈ ಚಾಚಿದರು.

"ಎತ್ತಬೇಡ್ರೀ" ಅಂದೆ, ಕಿಟಕಿಯ ಹೊರಗಿನಿಂದಲೇ. "ಅದು ನಮ್ಮತ್ತೆ ಸೀಟು. ಮುಟ್ಟಿದ್ರೆ ನೋಡಿ."

ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ಅತ್ತೆ ಕಿಟಕಿಯ ಕಡೆ, ನೀಲಮ್ಮತ್ತೆ ಈಚೆ ಕೂತರು. ಬಸ್ಸು ಹೊರಟಿತು. ನೀಲಮ್ಮತ್ತೆ ಮಂಡಿ ಉಜ್ಜಿಕೊಳ್ಳುತ್ತ, ನಿಂತವರನ್ನೆಲ್ಲ ಒಮ್ಮೆ ನೋಡಿ, ನೆಮ್ಮದಿಯಿಂದ ಹೇಳಿದರು, "ಟವೆಲ್ ಆಕಿದ್ದಕ್ಕೆ ಆಯ್ತು. ಇಲ್ದಿದ್ರೆ ಯಾವನೋ ಬಂದು ಕೂತ್ಬುಡೋನು."

"ಅದನ್ನೇ ನಾನು ಬೆಳಿಗ್ಗೆ ಹೇಳಿದ್ದು ಅತ್ಗೆ" ಅಂದರು ಅತ್ತೆ.

  ಅತ್ತೆಯ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಮಂಡಕಳ್ಳಿ ಬಂದು ಹೋಯಿತು. ಆಮೇಲೆ ನೀಲಮ್ಮತ್ತೆ ತಮ್ಮ ಕೆಳಗೆ ಸಿಕ್ಕಿದ್ದ ಟವೆಲ್ಲಿನ ತುದಿಯನ್ನು ಎಳೆದುಕೊಂಡು, ಬೇರೆ ಕಡೆ ನೋಡುತ್ತಲೇ ಅತ್ತೆಯ ಕುತ್ತಿಗೆ ಒರೆಸಿದರು.

ನಾನು ನಂಜನಗೂಡಿನವರೆಗೂ ನಿಂತೇ ಹೋದೆ. ಮೊಣಕೈ ತರಚಿದೆ, ಬರೆಯುವಾಗ ಮೇಜಿಗೆ ತಾಗಿ ಉರಿಯುತ್ತಿದೆ. ಉರಿಯಲಿ.